ತಳದ ಮೇಷ್ಟ್ರು

ನಮ್ಮವರು ಯಾವ ಪಾತ್ರೆಯನ್ನೂ ತಳ ನೋಡದೆ ತೊಳೆಯಲು ಹಾಕಿದವರಲ್ಲ. ಟೀ ಕುಡಿದ ಲೋಟ, ಹಾಲು ಕಾಸಿದ ಪಾತ್ರೆ, ಬಟ್ಟೆ ನೆನೆಸಿದ ಬಕೆಟ್ಟು, ಯಾವುದಾದರೂ ಸರಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ತಳದಲ್ಲಿ ಏನು ಉಳಿದಿದೆ ಎಂದು ನೋಡಿ, ಆಮೇಲೇ ಕೆಳಗಿಡುವರು. ಮದುವೆಯಾದ ಹೊಸದರಲ್ಲಿ, ನಾನು ಸರಿಯಾಗಿ ತೊಳೆದಿಲ್ಲವೆಂದು ಹೀಗೆ ನೋಡುತ್ತಾರೆ ಅಂದುಕೊಂಡು ಎರಡು ದಿನ ಮಾತು ಬಿಟ್ಟಿದ್ದೆ. ಬಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮೂರನೆಯ ದಿನ ನಾನೇ ಸೋತು ಕೇಳಿದೆ.

"ಏನ್ರೀ ಅದು, ಲೋಟದೊಳಗೆ ಕಣ್ಣು ಹಾಕ್ಕೊಂಡು ಕೂತಿರ್ತೀರಿ?"

"ಇರೋದೆಲ್ಲ ತಳದಲ್ಲೇ ಇರುತ್ತೆ ಕಣೇ."

ಅಷ್ಟೇ ಹೇಳಿ ಲೋಟ ಕೊಟ್ಟರು.

ಅವರು ಹೋಗಿ ಏಳು ತಿಂಗಳಾಯಿತು. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಆಸ್ಪತ್ರೆಯ ಬಟ್ಟೆಮನೆಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವುದು ನನ್ನ ಕೆಲಸ, ಬರೆಯುವುದಲ್ಲ. ಆದರೆ ಬರೆಯಬಲ್ಲವರು ಅವರ ಕೆಲಸವನ್ನು ಬರೆದರು, ಅವರನ್ನು ಬರೆಯಲಿಲ್ಲ. ಅದಕ್ಕೆ ನಾನು ಕೂತಿದ್ದೇನೆ.

ಅವರ ನಡಿಗೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ದೂರದಿಂದ ಮೊದಲು ಕಾಣುತ್ತಿದ್ದದ್ದು ಅದೇ. ಮೂವತ್ತೊಂಬತ್ತು ವರ್ಷ ಲ್ಯಾಬಿನಲ್ಲಿ ತುಂಬಿದ ಟ್ರೇಗಳನ್ನು ಹೊತ್ತು ಓಡಾಡಿ, ಒಂದು ಹನಿಯೂ ತುಳುಕದ ಹಾಗೆ ಪಾದ ಊರುವುದು ಅವರ ಮೈಗೆ ಹತ್ತಿಹೋಗಿತ್ತು. ಬರಿಗೈಯಲ್ಲಿ ಬೀದಿಯಲ್ಲಿ ಬರುವಾಗಲೂ ಮೊಣಕೈ ಮಡಚಿ, ಭುಜ ಅಲುಗಿಸದೆ, ಕಾಣದ ಟ್ರೇ ಒಂದನ್ನು ಹಿಡಿದವರಂತೆ ಬರುತ್ತಿದ್ದರು. ಬಸ್ಸು ಹೊರಟುಹೋಗುತ್ತಿದ್ದರೂ ಓಡಿದವರಲ್ಲ. "ಓಡ್ರೀ" ಎಂದು ನಾನು ಫುಟ್‌ಬೋರ್ಡಿನಿಂದ ಕೂಗುವುದು, ಅವರು ಅದೇ ನಡಿಗೆಯಲ್ಲಿ ಬರುವುದು, ಬಸ್ಸು ಅವರಿಗಾಗಿ ಕಾಯದೆ ಹೋಗುವುದು, ನಾನು ಮುಂದಿನ ನಿಲ್ದಾಣದಲ್ಲಿ ಇಳಿದು ಬೈದುಕೊಂಡು ವಾಪಸ್ಸು ಬರುವುದು, ಇದು ಎಷ್ಟು ಸಲವೋ.

ಕೋಟು ಒಂದೇ. ಬಿಳಿಯದು ಎಂದು ಹೆಸರಿಗೆ. ಜೇಬಿನ ಸುತ್ತ ನೀಲಿ ಚಿಮ್ಮಿ ಕಲೆಯಾಗಿತ್ತು. ತೋಳು ದ್ರಾವಣದಲ್ಲಿ ಅದ್ದುತ್ತದೆಂದು ಎರಡೂ ತೋಳನ್ನು ಮೊಣಕೈಗೆ ತಾವೇ ಕತ್ತರಿಸಿ, ಅಂಚು ನನ್ನಿಂದ ಹೊಲಿಸಿಕೊಂಡಿದ್ದರು. ಆಫೀಸಿನವರು ಹೊಸ ಕೋಟು ಕೊಟ್ಟರೆ ಮಡಿಕೆ ಬಿಚ್ಚಲಿಲ್ಲ. "ಇದರ ಕೈ ಉದ್ದ, ಬುದ್ಧಿ ಗಿಡ್ಡ" ಅಂದರು.

ಇನ್ನು ಮಾತು. ಹೌದು ಎನ್ನುವ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ. ಎಲ್ಲಕ್ಕೂ "ಇರಬಹುದು." ನಮ್ಮ ಮಗಳು ಹುಟ್ಟಿದ ದಿನ ನರ್ಸಮ್ಮ ಹೊರಗೆ ಬಂದು, "ಹೆಣ್ಣು ಮಗು ಸಾರ್, ಥೇಟ್ ಅಪ್ಪನ ಹಾಗೇ ಇದೆ" ಅಂದರಂತೆ. ಇವರು ಬಗ್ಗಿ ನೋಡಿ, "ಇರಬಹುದು" ಅಂದರು. ನಮ್ಮಮ್ಮ ಪಕ್ಕದಲ್ಲೇ ಇದ್ದಳು. "ಇರಬಹುದು ಅಂದ್ರೆ ಏನರ್ಥ ಅಳಿಯಂದ್ರೇ?" ಎಂದು ಅವಳು ಎತ್ತಿದ ದನಿಗೆ ಪಕ್ಕದ ವಾರ್ಡಿನವರೆಲ್ಲ ಎದ್ದು ಕೂತರು. ಸಾಯುವ ತನಕ ಅವಳು ಆ ಮಾತನ್ನು ಅಳಿಯನಿಗೆ ಕ್ಷಮಿಸಲಿಲ್ಲ. ಅವರಿಗೋ, ತಾವು ಏನು ತಪ್ಪು ಅಂದೆವು ಎನ್ನುವುದೇ ತಿಳಿಯಲಿಲ್ಲ.

ಅವರು ವಿಜ್ಞಾನಿಯಲ್ಲ. ಆಸ್ಪತ್ರೆಯ ಹಿಂದಿನ ಸಂಶೋಧನೆಯ ಕಟ್ಟಡದಲ್ಲಿ ಲ್ಯಾಬ್ ಟೆಕ್ನೀಷಿಯನ್. ಕರುಳಿಗೆ ಜ್ವರ ತರುವ ಒಂದು ಕ್ರಿಮಿಯನ್ನು ಆ ಲ್ಯಾಬಿನಲ್ಲಿ ಸಾಕುತ್ತಿದ್ದರು. ಅದಕ್ಕೆ ಕುಡಿಯಲು ದ್ರವ ಕುದಿಸಿಡುವುದು, ಅದನ್ನು ಬೆಳೆಸುವ ಬಿಲ್ಲೆಗಳನ್ನು ಎರೆಯುವುದು, ಓದಲು ಬಂದವರಿಗೆ ಕೈಚಳಕ ಕಲಿಸುವುದು ಇವರ ಕೆಲಸ. ಅದೇ ಕ್ರಿಮಿ ಹಿಡಿದು ಮಲಗಿದ ಮಕ್ಕಳ ಚಾದರಗಳು ನನ್ನ ಕಡೆ ಬರುತ್ತಿದ್ದವು. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಒಂದೇ ಶತ್ರುವಿನ ಚಾಕರಿ ಮಾಡುತ್ತೇವೆಂದು ನಗುತ್ತಿದ್ದೆವು.

ಅವರಿಗೆ ತಳದ ಮೇಷ್ಟ್ರು ಎಂದು ಹೆಸರು ಬಿದ್ದದ್ದಕ್ಕೂ ನಮ್ಮ ಮನೆಯ ಲೋಟಕ್ಕೂ ಸಂಬಂಧವಿಲ್ಲ. ಅದು ಜೆಲ್ಲಿನಿಂದ ಬಂದ ಹೆಸರು. ಎರಡು ಗಾಜಿನ ನಡುವೆ ಲೋಳೆಯಂಥದ್ದನ್ನು ಎರೆದು ಹಾಳೆಯಾಗಿ ಗಟ್ಟಿಯಾಗಲು ಬಿಡುತ್ತಾರೆ. ಅದಕ್ಕೆ ಜೆಲ್ ಎಂದು ಹೆಸರು. ಕ್ರಿಮಿಗಳನ್ನು ಒಡೆದು ಅವುಗಳೊಳಗಿನ ಪ್ರೋಟೀನುಗಳನ್ನು ಮೇಲ್ಗಡೆ ಹಾಕಿ ಕರೆಂಟು ಕೊಟ್ಟರೆ ಅವು ಕೆಳಕ್ಕೆ ಓಡುತ್ತವೆ. ದೊಡ್ಡವು ನಿಧಾನ, ಮೇಲೇ ಸಿಕ್ಕಿಕೊಳ್ಳುತ್ತವೆ. ಸಣ್ಣವು ಜೋರು. ಓಟ ಎಲ್ಲಿಗೆ ಬಂತೆಂದು ತಿಳಿಯಲು ಹಾಕಿದ ನೀಲಿ ಬಣ್ಣ ಎಲ್ಲಕ್ಕಿಂತ ಮುಂದೆ ಗೆರೆಯಾಗಿ ಇಳಿಯುತ್ತದೆ. ಆ ನೀಲಿ ಗೆರೆ ಕೆಳಗಿನಿಂದ ಜಾರಿಹೋದ ಮೇಲೆ ಸ್ವಿಚ್ಚು ಆರಿಸುವುದು ಎಲ್ಲರ ಪದ್ಧತಿ. ಅಷ್ಟು ಹೊತ್ತಿಗೆ ತೀರ ಸಣ್ಣ ಪ್ರೋಟೀನುಗಳೂ ನೀಲಿಯ ಜೊತೆಗೇ ಜಾರಿ ಕೆಳಗಿನ ನೀರಿಗೆ ಬಿದ್ದಿರುತ್ತವೆ. ಆ ನೀರು ಸಿಂಕಿಗೆ.

"ಯಾರೂ ನೋಡಲ್ಲ ಕಣೇ," ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದರು. "ಪ್ರೋಟೀನ್ ಅಂದ್ರೆ ಮಣಿಸರ ಅಂದ್ಕೋ. ಮುನ್ನೂರು ಮಣಿ, ಐನೂರು ಮಣಿ. ಮೂವತ್ತು ಮಣಿದೂ ಇರುತ್ತೆ. ಕ್ರಿಮಿಯ ವಂಶದ ಬರಹ ಓದೋಕೆ ಕಂಪ್ಯೂಟರ್ ಇದ್ಯಲ್ಲ, ಅದಕ್ಕೂ ಹೇಳಿಟ್ಟಿದ್ದಾರೆ, ನೂರಕ್ಕಿಂತ ಗಿಡ್ಡ ಇದ್ರೆ ಕಸ, ಬಿಟ್ಬಿಡು ಅಂತ."

"ಕಸ ಇದ್ರೂ ಇರಬಹುದು," ಅಂದೆ ನಾನು, ಅವರ ಮಾತನ್ನೇ ಅವರಿಗೆ ತಿರುಗಿಸಿ.

"ಇರಬಹುದು," ಅಂದರು. ಬೇಜಾರಾಗಲಿಲ್ಲ.

ಅವರು ನೀಲಿ ಗೆರೆ ತಳ ಮುಟ್ಟುವ ಮುಂಚೆಯೇ ಸ್ವಿಚ್ಚು ಆರಿಸುವರು. ಹಾಗೆ ಆರಿಸಿದ ಜೆಲ್ಲುಗಳ ತಳದಲ್ಲಿ ಒಂದು ಕಲೆ ಅವರಿಗೆ ಕಂಡಿತ್ತು. ಬೆರಳಲ್ಲಿ ಒರೆಸಿದಷ್ಟು ಮಸುಕು. ಒಳ್ಳೆಯ ಆಹಾರ ಕೊಟ್ಟು ಬೆಳೆಸಿದ ಕ್ರಿಮಿಯಲ್ಲಿ ಅದು ಇಲ್ಲ. ಹಸಿವಿನಲ್ಲಿಟ್ಟು, ಕುಡಿಯುವ ದ್ರವವನ್ನು ಸ್ವಲ್ಪ ಹುಳಿ ಮಾಡಿದರೆ ಬರುತ್ತದೆ. ನಮ್ಮ ರಕ್ತದಲ್ಲಿ ಕಾವಲುಕೋಶಗಳಿವೆಯಂತೆ. ಅವು ಕ್ರಿಮಿಯನ್ನು ಹಿಡಿದು ನುಂಗಿ, ಒಳಗೆ ಹಸಿವಿಗೆ ಹಾಕಿ, ಮೇಲೆ ಹುಳಿ ಸುರಿದು ಕೊಲ್ಲುತ್ತವೆ. ಈ ಕ್ರಿಮಿ ಮಾತ್ರ ಸಾಯದೆ ಅಲ್ಲೇ ಸಂಸಾರ ಹೂಡುತ್ತದೆ. ಅದಕ್ಕೇ ಜ್ವರ ಬಿಡುವುದಿಲ್ಲ. ಹಾಗಾದರೆ ಹಸಿವು ಹುಳಿ ಎರಡೂ ಬಂದಾಗ ಮಾತ್ರ ಮುಖ ತೋರಿಸುವ ಆ ಕಲೆ ಯಾರು, ಅಲ್ಲಿ ಅದಕ್ಕೇನು ಕೆಲಸ? ಏಳು ವರ್ಷ ಅವರು ಇದನ್ನೇ ಕೇಳಿದರು. ಲ್ಯಾಬಿನ ಮುಖ್ಯಸ್ಥೆ ಮೇಡಂ ಒಳ್ಳೆಯವರೇ, ಆದರೆ ನಗುವರು. "ದೊಡ್ಡದು ಒಡೆದು ಬಿದ್ದಿರೋ ಚೂರು ಅದು. ಮೇಷ್ಟ್ರೇ, ನಿಮ್ಮ ತಳ ಇವತ್ತು ಹೇಗಿದೆ?" ಲ್ಯಾಬಿನವರೆಲ್ಲ ಹಾಗೇ ಕೇಳತೊಡಗಿದರು. ಇವರು ಕೆಮ್ಮಿ, "ಇದೆ," ಅನ್ನುವರು.

ಏಳನೆಯ ವರ್ಷ, ಪಿಎಚ್‌ಡಿಗೆ ಬಂದಿದ್ದ ಒಬ್ಬ ಹುಡುಗಿಯ ಕೆಲಸ ಪೂರಾ ನೆಲಕಚ್ಚಿತು. ಎರಡು ವರ್ಷ ನಂಬಿಕೊಂಡಿದ್ದ ದೊಡ್ಡ ಪ್ರೋಟೀನು ಏನೂ ಮಾಡುವುದಿಲ್ಲ ಎಂದು ಗೊತ್ತಾಯಿತು. ಅವಳು ಸಿಂಕಿನ ಹತ್ತಿರ ನಿಂತು ಅಳುತ್ತಿದ್ದಳಂತೆ. ಸಮಾಧಾನ ಮಾಡುವುದು ಇವರಿಗೆ ಬಾರದು. ಏಳು ವರ್ಷದ ಜೆಲ್ಲುಗಳ ಫೋಟೋಗಳನ್ನು ತಂದು ಅವಳ ಮುಂದೆ ಸಾಲಾಗಿ ಜೋಡಿಸಿದರು. ಅವಳು ಮೂಗು ಒರೆಸಿಕೊಂಡು ನೋಡಿದಳು. ಒಂದು ಗಂಟೆ ನೋಡಿದಳು. "ಮೇಷ್ಟ್ರೇ, ಇದು ಚೂರಲ್ಲ. ಚೂರಾಗಿದ್ರೆ ಪ್ರತಿಸಲ ಇದೇ ಜಾಗದಲ್ಲಿ ಬರುತ್ತಾ?" ಅಂದಳು. ಏಳು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯವಳು.

ಅವತ್ತು ಮನೆಗೆ ಬಂದವರು ಊಟ ಮಾಡುವಾಗ ಎರಡು ಸಲ ನೀರಿನ ಲೋಟ ಉರುಳಿಸಿದರು. ತುಳುಕಿಸದ ಮನುಷ್ಯ.

ಒಂದೂವರೆ ವರ್ಷ ಇಬ್ಬರೂ ಹಿಂದೆ ಬಿದ್ದರು. ಕಲೆಯನ್ನು ಕೆರೆದು ತೆಗೆದು, ಎಲ್ಲಿಗೋ ಕಳಿಸಿ, ಅದರಲ್ಲಿನ ಕೆಲವು ಮಣಿಗಳು ಯಾವುವು ಎಂದು ತಿಳಿದುಕೊಂಡರು. ಕ್ರಿಮಿಯ ಬರಹದಲ್ಲಿ ಅದರ ಜಾಗ ಸಿಕ್ಕಿತು. ಮೂವತ್ತೊಂದು ಮಣಿಯ ಸರ. ಬರಹದಿಂದ ಆ ತುಂಡನ್ನು ಕತ್ತರಿಸಿ ತೆಗೆದು, ಹಾಗೆ ಕತ್ತರಿಸಿದ ಕ್ರಿಮಿಯನ್ನು ಕಾವಲುಕೋಶಗಳಿಗೆ ಕೊಟ್ಟರು. ಸತ್ತಿತು. ಇಲಿಗಳಿಗೆ ಕೊಟ್ಟರು. ಇಲಿಗಳು ಚೆನ್ನಾಗಿ ತಿಂದುಂಡು ಓಡಾಡಿದವು. ಮೇಡಂ ಕುರ್ಚಿಯಿಂದ ಎದ್ದು ಬಂದು ಇವರ ಕೈ ಹಿಡಿದರಂತೆ. ಇದನ್ನೆಲ್ಲ ಬರೆದು ಅಚ್ಚಿಗೆ ಕಳಿಸುವ ಪೇಪರಿನಲ್ಲಿ ಟೆಕ್ನೀಷಿಯನ್ನಿನ ಹೆಸರೂ ಹಾಕುವುದು ಎಂದಾಯಿತು. ಹುಡುಗಿಗೆ ಲ್ಯಾಬಿನಲ್ಲಿ ಇನ್ನು ನಾಲ್ಕೇ ತಿಂಗಳ ಅವಧಿ ಉಳಿದಿತ್ತು. ಅಷ್ಟರೊಳಗೆ ಪೇಪರ್ ಹೋದರೆ ಅವಳಿಗೆ ಡಿಗ್ರಿ. ಇಲ್ಲವಾದರೆ ಐದು ವರ್ಷ ನೀರಿಗೆ.

ಎಲ್ಲ ಸರಿಯಿತ್ತು. ನಮ್ಮವರು ಮಾತ್ರ ಸರಿಯಿರಲಿಲ್ಲ. ನಾನು ಆಸ್ಪತ್ರೆಯ ಹಳೇ ಕೋಟೊಂದರ ಜೇಬು ಬಿಚ್ಚುತ್ತಿದ್ದೆ. ಎದುರು ಕೂತು ನೋಡುತ್ತಿದ್ದವರು ಕೇಳಿದರು:

"ಜೇಬು ಕತ್ತರಿಸಿದ್ರೆ ಹಿಂದಿನ ಅಸ್ತರೂ ಕಿತ್ಕೊಂಡು ಬರುತ್ತಲ್ವಾ?"

"ಬರದೆ ಇನ್ನೇನು. ಎರಡಕ್ಕೂ ಒಂದೇ ಹೊಲಿಗೆ."

"ಆಮೇಲೆ ಕೋಟು ಕೆಟ್ರೆ, ಕೆಟ್ಟಿದ್ದು ಜೇಬು ಹೋಗಿದ್ದಕ್ಕೋ ಅಸ್ತರು ಹೋಗಿದ್ದಕ್ಕೋ, ಹೇಗೆ ಹೇಳ್ತೀಯ?"

ನನಗೆ ಅರ್ಥವಾಯಿತು. ಅವರು ಹೇಳುವುದನ್ನು ನಾನು ಇಸ್ತ್ರಿ, ಸೂಜಿ, ದಾರದ ಲೆಕ್ಕದಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದೆ. ಬರಹದ ತುಂಡನ್ನೇ ಕತ್ತರಿಸಿದಾಗ ಪಕ್ಕದ ಬರಹಕ್ಕೂ ಏಟು ಬಿದ್ದಿರಬಹುದು. ಕ್ರಿಮಿ ಸತ್ತದ್ದು ಆ ಏಟಿಗೋ ಏನೋ. ಕತ್ತರಿ ಹಾಕದೆ, ಸರ ಶುರುವಾಗುವ ಜಾಗದ ಒಂದೇ ಒಂದು ಅಕ್ಷರ ಬದಲಾಯಿಸಬೇಕು. ಆಗ ಬರಹವೆಲ್ಲ ಇದ್ದಹಾಗೇ ಇರುತ್ತದೆ, ಪ್ರೋಟೀನು ಮಾತ್ರ ಹುಟ್ಟುವುದಿಲ್ಲ. ಆಗಲೂ ಕ್ರಿಮಿ ಸತ್ತರೆ ಮಾತ್ರ ತಮ್ಮ ಕಲೆಯ ಮಾತು ನಿಜ.

ಮೇಡಂ ಬೇಡವೆಂದರು. ಪೇಪರ್ ಸಿದ್ಧವಿದೆ, ಬೇರೆ ಲ್ಯಾಬಿನವರು ಹಿಂದೆಯೇ ಇದ್ದಾರೆ, ಹುಡುಗಿಗೆ ಸಮಯವಿಲ್ಲ. ಇವರು ವಾದ ಮಾಡಲಿಲ್ಲ. "ಹಾಗಾದ್ರೆ ನನ್ನ ಹೆಸರು ತೆಗೀರಿ," ಅಂದರು. ಏಳು ವರ್ಷದ ಕಲೆ ಅವರದು. ಅವರ ಹೆಸರು ತೆಗೆದು ಕಳಿಸುವ ಮನಸ್ಸು ಮೇಡಮ್ಮಿಗೂ ಬರಲಿಲ್ಲ, ಹುಡುಗಿಗೂ ಬರಲಿಲ್ಲ. ಹುಡುಗಿ ಅಕ್ಷರ ಬದಲಾಯಿಸಲು ಕೂತಳು.

ಒಂದು ಭಾನುವಾರ ಬೆಳಿಗ್ಗೆ ಅವಳ ಅಪ್ಪ ನಮ್ಮ ಮನೆ ಹುಡುಕಿಕೊಂಡು ಬಂದರು. ಲಾರಿ ಡ್ರೈವರು. ಕೂರಿ ಎಂದರೂ ಕೂರಲಿಲ್ಲ.

"ನಿಮ್ಮ ಒಂದು ಅಕ್ಷರಕ್ಕೆ ನನ್ನ ಮಗಳ ಐದು ವರ್ಷ ಹೋಗುತ್ತೆ ಕಣ್ರೀ."

"ಹೋಗಬಹುದು," ಅಂದರು ನಮ್ಮವರು.

ಜಗಳಕ್ಕೆ ಬಂದವರಿಗೆ ಹೀಗೆ ಉತ್ತರ ಕೊಟ್ಟರೆ ಮುಂದೆ ಏನು ಹೇಳುವುದು. ನಾನು ಮಧ್ಯೆ ಬಿದ್ದು, "ಅಣ್ಣಾ, ಮೊದಲು ಟೀ ಕುಡೀರಿ, ಆಮೇಲೆ ಬೇಕಾದ್ರೆ ನಾನೂ ನಿಮ್ಮ ಜೊತೆ ಸೇರ್ಕೊಂಡು ಬೈತೀನಿ," ಅಂದೆ. ಕುಡಿದರು. ಇವರು, "ನಿಮ್ಮ ಲಾರಿ ಬ್ರೇಕು ಹಿಡೀತಿದೆ ಅಂತ ಇಳಿಜಾರಿಗೆ ಮುಂಚೆ ನೋಡ್ತೀರೋ, ಆಮೇಲೆ ನೋಡ್ತೀರೋ?" ಎಂದು ಕೇಳಿದರು. ಡ್ರೈವರು ಲೋಟ ಕೆಳಗಿಟ್ಟು, "ಬ್ರೇಕು ನಂದು. ಇಳಿಜಾರು ನನ್ನ ಮಗಳದು," ಎಂದು ಎದ್ದು ಹೋದರು. ನಮ್ಮವರು ಆ ಲೋಟ ಎತ್ತಿ ಕಿಟಕಿಗೆ ಹಿಡಿದು ತಳ ನೋಡಿದರು.

ಎರಡು ತಿಂಗಳಿಗೆ ಉತ್ತರ ಬಂತು. ಅಕ್ಷರ ಬದಲಾದ ಕ್ರಿಮಿ ಸಾಯಲಿಲ್ಲ. ಕಾವಲುಕೋಶದೊಳಗೆ ಮೊದಲಿನಂತೆಯೇ ಹಾಯಾಗಿತ್ತು. ಅಂದರೆ ಕಲೆ ನಿರಪರಾಧಿ. ಅಸ್ತರಿಗೇ ಏಟು ಬಿದ್ದದ್ದು. ಎಲ್ಲ ಮುಗಿಯಿತು.

ಹುಡುಗಿ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೆ ಸಿಟ್ಟು ಬಂತು. "ನಿಮಗೆ ಸಮಾಧಾನ ಆಯ್ತಾ? ನಿಮ್ಮ ಕೂಸನ್ನ ನೀವೇ ಕತ್ತು ಹಿಸುಕಿದ್ರಿ, ಜೊತೆಗೆ ಈ ಮಗೂದನ್ನೂ," ಅಂದೆ. ಅವರು ನನ್ನ ಕಡೆ ತಿರುಗಲಿಲ್ಲ. ಹುಡುಗಿಯನ್ನು ಕೇಳಿದರು:

"ಜೆಲ್ ಓಡಿಸಿದ್ಯಾ?"

"ಅಕ್ಷರಾನೇ ಬದಲಾಯಿಸಿದ ಮೇಲೆ ಜೆಲ್ ಯಾಕೆ ಮೇಷ್ಟ್ರೇ? ಟೈಮೂ ಇರಲಿಲ್ಲ."

ಮರುದಿನ ಅವರೇ ಓಡಿಸಿದರು. ಆ ಹೊತ್ತಿಗಾಗಲೇ ಎದೆನೋವು ಶುರುವಾಗಿತ್ತು. ಟ್ರೇ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಎತ್ತಿದರು. ಮಧ್ಯಾಹ್ನ ಬಟ್ಟೆಮನೆಗೆ ಬಂದರು. ಎಂದೂ ಬಂದವರಲ್ಲ. ಹಬೆಯ ನಡುವೆ ಆ ತುಂಡು ತೋಳಿನ ಕೋಟಿನಲ್ಲಿ ನಿಂತು ನನಗೆ ಹೇಳಿದ್ದನ್ನು ಮರೆತಿಲ್ಲ.

"ಕಲೆ ಹಾಗೇ ಇದೆ. ಕೂದಲೆಳೆಯಷ್ಟೂ ಕದಲಿಲ್ಲ. ನಾವು ಬದಲಾಯಿಸಿದ್ದು ಶುರುವಿನ ಅಕ್ಷರವೇ ಅಲ್ಲ ಕಣೇ. ಸರ ಶುರುವಾಗೋದು ಏಳು ಮಣಿ ಆಚೆಗೆ. ಅದು ಮೂವತ್ತೊಂದಲ್ಲ. ಇಪ್ಪತ್ನಾಲ್ಕು."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ?"

"ಒಳ್ಳೇದು. ಆದ್ರೆ ತಪ್ಪು ನಂದು. ಶುರು ಆಗಬಹುದಾದ ಜಾಗ ಎರಡಿತ್ತು. ಯಾವುದು ತಗೊಳ್ಳೋಣ ಮೇಷ್ಟ್ರೇ ಅಂತ ಆ ಹುಡುಗಿ ಕೇಳಿದ್ಲು. ಉದ್ದದ್ದೇ ಇಟ್ಕೋ ಅಂದೆ. ಮೂವತ್ತೊಂದು ಅಂದ್ರೆ ನಂಬ್ತಾರೆ, ಇಪ್ಪತ್ನಾಲ್ಕು ಅಂದ್ರೆ ನಗ್ತಾರೆ ಅಂತ." ಕೋಟಿನ ಅಂಚಿನಲ್ಲಿ ಕನ್ನಡಕ ಒರೆಸಿಕೊಂಡರು. "ಏಳು ವರ್ಷ ಎಲ್ರೂ ಸಣ್ಣದನ್ನ ಬಿಟ್ರು ಬಿಟ್ರು ಅಂತ ಗೊಣಗಿದ್ದು ನಾನು. ಕೊನೆಗೆ ನಾನೂ ದೊಡ್ಡದನ್ನೇ ಆರಿಸಿದೆ."

ಅದನ್ನು ಮಾರನೆಯ ದಿನ ಲ್ಯಾಬಿನ ಸಭೆಯಲ್ಲಿ ಎಲ್ಲರೆದುರು ನಿಂತು ಹೇಳಿದರಂತೆ. ಹುಡುಗಿಯ ತಪ್ಪಿಲ್ಲ, ಆರಿಸಿದ್ದು ನಾನು, ಅವಳಿಗೆ ಎರಡು ತಿಂಗಳು ಹೆಚ್ಚಿಗೆ ಕೊಡಿ. ಯಾರೂ ನಗಲಿಲ್ಲ. ಮೇಡಂ ತಾವೇ ಆಡಳಿತದವರ ಹತ್ತಿರ ಹೋಗಿ ಎರಡರ ಬದಲು ಮೂರು ತಿಂಗಳು ತಂದುಕೊಟ್ಟರು.

ಆ ಮೂರು ತಿಂಗಳಲ್ಲಿ ಅವರ ಎದೆ ಪೂರ್ತಿ ಕೈಕೊಟ್ಟಿತು. ಆಸ್ಪತ್ರೆಯಲ್ಲಿ, ನಾನೇ ಇಸ್ತ್ರಿ ಹಾಕಿದ ಚಾದರದ ಮೇಲೆ ಮಲಗಿದ್ದರು. ಚಾದರದ ಮೂಲೆಯಲ್ಲಿ ನಮ್ಮ ಬಟ್ಟೆಮನೆಯ ಗುರುತು ನೋಡಿ, "ನಿನ್ನ ಕೈದೇ ಇರಬಹುದು," ಅಂದರು. ಅಷ್ಟಕ್ಕೇ ನನಗೆ ಅಳು ಬಂತು.

ಹುಡುಗಿ ಬಂದಳು, ಫೋಟೋ ಹಿಡಿದು. ಸರಿಯಾದ ಅಕ್ಷರ ಬದಲಾಯಿಸಿದ ಕ್ರಿಮಿಯ ಜೆಲ್ಲು. ಅವರು ಅದನ್ನು ಕಿಟಕಿಯ ಕಡೆಗೆ ಓರೆ ಮಾಡಿ ಹಿಡಿದು ನೋಡಿದರು. ತಳ ಖಾಲಿ. ಏಳೆಂಟು ವರ್ಷ ಕಲೆಯಿದೆ ಎಂದು ಸಾಧಿಸಿದ ಮನುಷ್ಯ, ಕಲೆಯಿಲ್ಲದ ಜಾಗವನ್ನು ಬೆರಳಿನಿಂದ ಸವರಿ ನಕ್ಕರು.

"ಕ್ರಿಮಿ?"

"ಸತ್ತಿವೆ ಮೇಷ್ಟ್ರೇ. ಸಾವಿರಕ್ಕೆ ಒಂದೂ ಉಳಿದಿಲ್ಲ. ಮೂರು ಸಲ ಮಾಡಿದೆ."

ನಾನು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕಾದೆ. ಈಗಲಾದರೂ ಪೂರ್ತಿ ಖುಷಿಪಡುತ್ತಾರೆ ಎಂದು. ಅವರು ಫೋಟೋ ಎದೆಯ ಮೇಲಿಟ್ಟುಕೊಂಡು ಕೇಳಿದರು:

"ಮತ್ತೆ ವಾಪಸ್ಸು ಕೊಟ್ಟು ನೋಡಿದ್ಯಾ?"

ಕಿತ್ತುಕೊಂಡಾಗ ಸತ್ತರೆ ಸಾಲದು. ಆ ಇಪ್ಪತ್ನಾಲ್ಕು ಮಣಿಯನ್ನು ಅದೇ ಕ್ರಿಮಿಗೆ ಮರಳಿ ಕೊಟ್ಟಾಗ ಅದು ಮತ್ತೆ ಬದುಕಿಕೊಳ್ಳಬೇಕು. ಆಗಲೇ ಮಾತು ಮುಗಿಯುವುದು. "ಮುಂದಿನ ವಾರ ಗೊತ್ತಾಗುತ್ತೆ," ಅಂದಳು ಹುಡುಗಿ. "ಹ್ಞೂಂ," ಅಂದರು.

ಆ ಮುಂದಿನ ವಾರ ಅವರಿಗೆ ಸಿಗಲಿಲ್ಲ. ಮಂಗಳವಾರ ಬೆಳಿಗ್ಗೆ, ನಾನು ಡ್ಯೂಟಿಗೆ ಹೋಗಿ ಒಂದು ಗಾಡಿ ಬಟ್ಟೆ ಮುಗಿಸುವಷ್ಟರಲ್ಲಿ ಹೋಗಿಬಿಟ್ಟರು. ಕೆಳಗಿನಿಂದ ಮೂರನೇ ಮಹಡಿಗೆ ಓಡಿದೆ. ಓಡಿ ಏನೂ ಆಗಲಿಲ್ಲ.

ಶುಕ್ರವಾರ ಹುಡುಗಿ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, "ಅಮ್ಮಾ, ವಾಪಸ್ಸು ಕೊಟ್ಟೆ. ಬದುಕಿಕೊಂಡಿತು," ಅಂದಳು. ಜ್ವರ ತರುವ ಕ್ರಿಮಿ ಬದುಕಿತೆಂದು ಇಬ್ಬರು ಹೆಂಗಸರು ತಬ್ಬಿಕೊಂಡು ಅತ್ತದ್ದು ಪ್ರಪಂಚದಲ್ಲಿ ನಾವೇ ಇರಬೇಕು.

ಅವಳಿಗೆ ಡಿಗ್ರಿ ಬಂತು. ಅವಳಪ್ಪ ಲಾರಿ ಬೀದಿಯ ತುದಿಯಲ್ಲಿ ನಿಲ್ಲಿಸಿ ನಡೆದು ಬಂದು, ಅರ್ಧ ಗಂಟೆ ಕೂತು ಹೋದರು. ಪೇಪರ್ ಅಚ್ಚಾಗಿದೆ. ಹೆಸರುಗಳ ಸಾಲಿನಲ್ಲಿ ಅವರದು ಎರಡನೆಯದು. ಪಕ್ಕದಲ್ಲಿ, ತೀರಿಕೊಂಡವರೆಂದು ತಿಳಿಸುವ ಒಂದು ಗುರುತು. ಈ ಸಣ್ಣದನ್ನು ಅಡಗಿಸುವ ಔಷಧಿ ಸಾಧ್ಯವೇ ಎಂದು ಈಗ ಯಾರ್ಯಾರೋ ನೋಡುತ್ತಿದ್ದಾರಂತೆ. ಆಗುತ್ತದೋ ಇಲ್ಲವೋ. ಮಕ್ಕಳ ವಾರ್ಡಿನ ಚಾದರಗಳು ಇನ್ನೂ ನನ್ನ ಕಡೆ ಬರುತ್ತಲೇ ಇವೆ.

ಇಂಥವರು ಎಲ್ಲ ಕೆಲಸದಲ್ಲೂ ಒಬ್ಬಿಬ್ಬರು ಇರುತ್ತಾರೆ. ನಮ್ಮ ಬಟ್ಟೆಮನೆಯಲ್ಲೂ ಒಬ್ಬಳಿದ್ದಾಳೆ, ಕುದಿಸಿ ಒಗೆದು ಬಂದ ಚಾದರವನ್ನು ಮತ್ತೆ ಮೂಸಿ ನೋಡಿಯೇ ಮುಂದಕ್ಕೆ ಬಿಡುವವಳು. ಇವರ ಜೊತೆ ಬಾಳುವುದು ಸುಲಭವಲ್ಲ. ಸಿಹಿ ಸುದ್ದಿಯನ್ನು ಇವರ ಕೈಗೆ ಕೊಟ್ಟರೆ ತಿರುಗಿಸಿ ಮಗುಚಿ ನೋಡಿಯೇ ತಣ್ಣಗೆ ಮಾಡಿಬಿಡುತ್ತಾರೆ. ತಮಗೆ ಬಹಳ ಬೇಕಾದದ್ದರ ಮೇಲೇ ಇವರಿಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ. ಪ್ರೀತಿ ಕಡಿಮೆಯೆಂದು ನಾನು ಬಹಳ ವರ್ಷ ತಿಳಿದಿದ್ದೆ. ಹಾಗಲ್ಲ. ಸುಳ್ಳಾಗಿ ಸಿಗುವುದಾದರೆ ಸಿಗದೇ ಹೋಗಲಿ ಎನ್ನುವಷ್ಟು ಅದು ಅವರಿಗೆ ಬೇಕಾಗಿರುತ್ತದೆ. ಹೆಚ್ಚೇನೂ ಬಿಟ್ಟುಹೋಗುವುದಿಲ್ಲ ಇಂಥವರು. ಬಿಟ್ಟುಹೋದದ್ದು ಎಷ್ಟೇ ಸಣ್ಣದಿರಲಿ, ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಬಹುದು. ನಾನು ನಿಂತಿದ್ದೇನೆ.